ಒಂದೇ ಹಾಳೆ, ಬೇರೆ ಬೇರೆ ಸ್ಫಟಿಕತೆ: ಡಿಎಸ್‌ಸಿ, ಸಾಂದ್ರತೆ, ಎಕ್ಸ್-ರೇ

ಕರಗಿದ ಪಿಇಟಿಯನ್ನು (ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್) ಒಮ್ಮೆಲೇ ತಣಿಸಿ ಮಾಡಿದ ತೆಳು ಹಾಳೆ ಅದು. ಗಾಜಿನಷ್ಟು ತಿಳಿ, ಮಡಚಿದರೆ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಅದರ ಚೂರೊಂದನ್ನು ಡಿಎಸ್‌ಸಿಯಲ್ಲಿ, ಅಂದರೆ ಕಾಯುವಾಗ ಮಾದರಿ ಹೀರುವ ಅಥವಾ ಬಿಡುವ ಶಾಖ ಅಳೆಯುವ ಉಪಕರಣದಲ್ಲಿ, ಕರಗಿಸಿದೆ. ಕರಗುವ ಶಾಖ ಗ್ರಾಂಗೆ 40 ಜೂಲ್ ಬಂತು. ಪೂರ್ಣ ಸ್ಫಟಿಕ ಪಿಇಟಿಗೆ ಸಾಮಾನ್ಯವಾಗಿ ಬಳಸುವ 140 ಜೂಲ್‌ನಿಂದ ಭಾಗಿಸಿದರೆ ಸ್ಫಟಿಕತೆ, ಅಂದರೆ ಅಣುಸರಪಳಿಗಳು ಕ್ರಮವಾಗಿ ಜೋಡಿಸಿಕೊಂಡ ಭಾಗ, ಶೇ 29. ಎಳೆದು ಹಿಗ್ಗಿಸದ ಹಾಳೆಯಲ್ಲಿ ಅಷ್ಟು ಸ್ಫಟಿಕವಿದ್ದರೆ ಅದು ಹಾಲಿನಂತೆ ಬೆಳ್ಳಗಿರಬೇಕು. ಕಣ್ಣು ಒಂದು ಹೇಳುತ್ತಿತ್ತು, ಉಪಕರಣ ಇನ್ನೊಂದು. ಅಂದಿನಿಂದ ಒಂದೇ ಮಾದರಿಯನ್ನು ಮೂರೂ ವಿಧಾನಗಳಿಗೆ ಒಡ್ಡುವುದನ್ನು ರೂಢಿ ಮಾಡಿಕೊಂಡೆ.

ತಪ್ಪು ಉಪಕರಣದ್ದಲ್ಲ, ನನ್ನ ಓದಿನದು. ಡಿಎಸ್‌ಸಿ ಮಾದರಿಯನ್ನು ಕಾಯಿಸುತ್ತಲೇ ಅಳೆಯುತ್ತದೆ. 75 ಡಿಗ್ರಿಯ ಸುಮಾರಿಗೆ ಪಿಇಟಿಯ ಸರಪಳಿಗಳಿಗೆ ಚಲನೆ ಬರುತ್ತದೆ, 130ರ ಆಸುಪಾಸಿನಲ್ಲಿ ಅವು ಜೋಡಿಸಿಕೊಂಡು ಸ್ಫಟಿಕವಾಗುತ್ತವೆ, 250ರ ಹತ್ತಿರ ಕರಗುತ್ತವೆ. ನಾನು ಎಣಿಸಿದ್ದರಲ್ಲಿ ಬಹುಪಾಲು ಉಪಕರಣದೊಳಗೇ ಹುಟ್ಟಿದ ಸ್ಫಟಿಕ. ಹಾಗೆ ಸ್ಫಟಿಕವಾಗುವಾಗ ಹೊರಬಿದ್ದ 35 ಜೂಲ್ ಕಳೆದರೆ ಉಳಿಯುವುದು 5, ಅಂದರೆ ಶೇ 4ಕ್ಕಿಂತ ಕಡಿಮೆ. ಈ ಕಳೆಯುವ ಲೆಕ್ಕವೂ ಪೂರ್ತಿ ಶುದ್ಧವಲ್ಲ. ಸ್ಫಟಿಕದ ಕರಗುವ ಶಾಖ ಉಷ್ಣಾಂಶದೊಂದಿಗೆ ಬದಲಾಗುತ್ತದೆ. 130 ಡಿಗ್ರಿಯಲ್ಲಿ ಹೊರಬಿದ್ದ ಜೂಲ್ ಮತ್ತು 250ರಲ್ಲಿ ಹೀರಿಕೊಂಡ ಜೂಲ್ ಒಂದೇ ತೂಕದವಲ್ಲ. ಆದರೂ ಐದಾರು ಮಿಲಿಗ್ರಾಂ ಮಾದರಿ, ಅರ್ಧ ಗಂಟೆಯ ಕೆಲಸ. ಈ ವೇಗಕ್ಕೆ ಸಾಟಿಯಿಲ್ಲ.

ನನಗೆ ಹೆಚ್ಚು ಪ್ರೀತಿ ಸಾಂದ್ರತೆಯ ಕೊಳವೆಯ ಮೇಲೆ. ಕೆಳಗೆ ಭಾರ, ಮೇಲೆ ಹಗುರವಾಗುವಂತೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣ ತುಂಬಿದ ಎತ್ತರದ ಗಾಜಿನ ನಳಿಗೆ ಅದು. ಚೂರನ್ನು ಬಿಟ್ಟರೆ ನಿಧಾನವಾಗಿ ಇಳಿದು ತನ್ನ ಸಾಂದ್ರತೆಗೆ ಸಮನಾದ ಮಟ್ಟದಲ್ಲಿ ನಿಲ್ಲುತ್ತದೆ. ತಿಳಿ ಹಾಳೆ ಘನ ಸೆಂ.ಮೀ.ಗೆ 1.339 ಗ್ರಾಂನ ಮಟ್ಟದಲ್ಲಿ ನಿಂತಿತು. ಅಸ್ಫಟಿಕ ಪಿಇಟಿಗೆ 1.335, ಸ್ಫಟಿಕಕ್ಕೆ 1.455 ಎಂದು ಹಿಡಿದರೆ ಸ್ಫಟಿಕತೆ ಶೇ 3.6. ಅದೇ ಹಾಳೆಯನ್ನು 140 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಕಣ್ಣೆದುರೇ ಬೆಳ್ಳಗಾಯಿತು, ಚೂರು 1.375ಕ್ಕೆ ಇಳಿಯಿತು, ಸ್ಫಟಿಕತೆ ಶೇ 35. ಮಾದರಿಯನ್ನು ಕಾಯಿಸದೆ, ಕೆಡಿಸದೆ ಸಿಕ್ಕ ಸಂಖ್ಯೆ ಇದು. ಆದರೆ ಕತ್ತರಿಯಿಂದ ಕತ್ತರಿಸಿದ ಅಂಚಿಗೆ ಒಂದು ಸಣ್ಣ ಗಾಳಿಗುಳ್ಳೆ ಅಂಟಿದರೂ ಲೆಕ್ಕ ಹಾಳು. ಹರಿತವಾದ ಬ್ಲೇಡಿನಿಂದ ಕೊಯ್ದು, ಮೊದಲೇ ದ್ರಾವಣದಲ್ಲಿ ನೆನೆಸಿ ಬಿಡುವುದನ್ನು ಕಲಿಯಲು ನನಗೆ ಹಲವು ಚೂರುಗಳು ಬೇಕಾದವು. ಬಣ್ಣ, ಗಾಜಿನ ನಾರು ಬೆರೆತ ಪ್ಲಾಸ್ಟಿಕ್ಕಿಗೆ ಈ ವಿಧಾನ ನೇರವಾಗಿ ಒಗ್ಗುವುದಿಲ್ಲ.

ಮಾದರಿಯಿಂದ ಎಕ್ಸ್-ರೇ ಯಾವ ಕೋನಗಳಲ್ಲಿ ಚದುರುತ್ತದೆ ಎಂದು ನೋಡುವ ಎಕ್ಸ್-ರೇ ವಿವರ್ತನೆಯಲ್ಲಿ ತಿಳಿ ಹಾಳೆ 20 ಡಿಗ್ರಿ ಕೋನದ ಸುತ್ತ ಒಂದೇ ಅಗಲ ದಿಬ್ಬ ತೋರಿಸಿತು. ಬೆಳ್ಳಗಾದದ್ದರಲ್ಲಿ ಅದರ ಮೇಲೆ ಶಿಖರಗಳು ಎದ್ದವು. ದಿಬ್ಬವನ್ನು ಶಿಖರಗಳಿಂದ ಬೇರ್ಪಡಿಸುವ ಗೆರೆ ಎಲ್ಲಿ ಎಳೆಯಬೇಕು ಎಂಬುದು ಮಾತ್ರ ಎಳೆಯುವವರ ಕೈಯಲ್ಲಿದೆ, ಗೆರೆ ಸರಿದರೆ ಶೇಕಡಾವಾರೂ ಸರಿಯುತ್ತದೆ. ಎಳೆದು ಹಿಗ್ಗಿಸಿದ ಫಿಲ್ಮ್ ಆದರೆ ಮಾದರಿಯನ್ನು ತಿರುಗಿಸಿಟ್ಟರೂ ಶಿಖರಗಳ ಎತ್ತರ ಬದಲಾಗುತ್ತದೆ. ಹಾಗಾಗಿ ಶೇಕಡಾವಾರಿಗಾಗಿ ನಾನು ಎಕ್ಸ್-ರೇ ಕಡೆ ಹೋಗುವುದು ಕಡಿಮೆ.

ಎಕ್ಸ್-ರೇ ನಿಜವಾಗಿ ಗೆದ್ದದ್ದು ಪಾಲಿಪ್ರೊಪಿಲೀನ್‌ನಲ್ಲಿ. ಅದಕ್ಕೆ ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಸ್ಫಟಿಕ ರೂಪಗಳಿವೆ. ಬೀಟಾ ಹೆಚ್ಚಿದ್ದರೆ ಹೊಡೆತ ತಾಳುವ ಗುಣ ಹೆಚ್ಚು, ಬಿಗಿತ ತುಸು ಕಡಿಮೆ. ಡಿಎಸ್‌ಸಿಯಲ್ಲಿ ಬೀಟಾ 150 ಡಿಗ್ರಿಯ ಹತ್ತಿರ ಕರಗಿ, ಅಲ್ಲೇ ಆಲ್ಫಾ ಆಗಿ ಮತ್ತೆ ಕಟ್ಟಿಕೊಂಡು, 165ರ ಆಸುಪಾಸಿನಲ್ಲಿ ಇನ್ನೊಮ್ಮೆ ಕರಗುತ್ತದೆ. ಆಲ್ಫಾ ಎಷ್ಟಿತ್ತು, ಎಷ್ಟು ಈಗ ಹುಟ್ಟಿತು ಎಂದು ಬೇರ್ಪಡಿಸುವುದು ಕಷ್ಟ. ಎಕ್ಸ್-ರೇಯಲ್ಲಿ ಬೀಟಾದ ಗುರುತು 16.1 ಡಿಗ್ರಿ ಕೋನದಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತದೆ. ಅನುಮಾನಕ್ಕೆ ಜಾಗವೇ ಇಲ್ಲ.

ಗುಣಗಳ ಕಡೆ ನೋಡಿದರೆ, ತಿಳಿ ಪಿಇಟಿ ಪಟ್ಟಿ 90 ಡಿಗ್ರಿಯ ನೀರಿನಲ್ಲಿ ಮೆತ್ತಗಾಗಿ ಬಾಗಿತು. ಬೆಳ್ಳಗಾದದ್ದು ನೆಟ್ಟಗೆ ನಿಂತಿತು, ಆದರೆ ತಣಿದ ಮೇಲೆ ಮಡಚಿದರೆ ಪಟ್ಟನೆ ಮುರಿಯಿತು. ಇದನ್ನು ಶೇಕಡಾವಾರು ಸಂಖ್ಯೆಯೇ ವಿವರಿಸುತ್ತದೆ. ನಿಧಾನ ತಣಿಸಿದ ಪಾಲಿಪ್ರೊಪಿಲೀನ್ ಹಲಗೆ ಬಿರುಕು ಬಿಟ್ಟಾಗ ಮಾತ್ರ ಮೂರೂ ವಿಧಾನಗಳು ಕೈಚೆಲ್ಲಿದವು: ಬೇಗ ತಣಿಸಿದ ಹಲಗೆಗೂ ಅದಕ್ಕೂ ಸ್ಫಟಿಕತೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ತೆಳುವಾಗಿ ಕೊಯ್ದು ಅಡ್ಡ ಧ್ರುವಕಗಳ (ಒಂದಕ್ಕೊಂದು ಅಡ್ಡವಾಗಿಟ್ಟ, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಫಿಲ್ಟರ್‌ಗಳ) ನಡುವೆ ಸೂಕ್ಷ್ಮದರ್ಶಕದಲ್ಲಿಟ್ಟೆ. ಬೇಗ ತಣಿಸಿದ್ದರಲ್ಲಿ ಮರಳಿನಂತೆ ಸಣ್ಣ ಚುಕ್ಕೆಗಳು. ನಿಧಾನ ತಣಿಸಿದ್ದರಲ್ಲಿ ಒಂದೊಂದರೊಳಗೂ ಕಪ್ಪು ಶಿಲುಬೆಯಿದ್ದ ದೊಡ್ಡ ಸ್ಫೆರುಲೈಟ್‌ಗಳು (ನಡುವಿನಿಂದ ಸುತ್ತಲೂ ಬೆಳೆದ ಸ್ಫಟಿಕದ ಗುಂಡುಗಳು), ಮತ್ತು ಅವುಗಳ ಗಡಿಯನ್ನೇ ಹಿಡಿದು ಸಾಗಿದ ಬಿರುಕು.