ಪಾರೋ ರೋಬೋಟ್: ಮೂರು ವರ್ಷ ಬಳಸಿದ ಮೇಲೆ

ನಾನು ಉಡುಪಿ ಕಡೆಯವಳು, ಐರ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಅಂತ ನಮ್ಮಲ್ಲಿ ಮೂರು ವರ್ಷದಿಂದ ಪಾರೋ ಇದೆ. ಸೀಲ್ ಅನ್ನುವ ಕಡಲ ಪ್ರಾಣಿಯ ಮರಿಯ ರೂಪ, ಮೈತುಂಬ ಬಿಳಿ ತುಪ್ಪಳ. ಜಪಾನಿನ ತಕನೋರಿ ಶಿಬಾತಾ 1993ರಲ್ಲಿ ಇದರ ಕೆಲಸ ಶುರು ಮಾಡಿದರು. 2005ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಅಮೆರಿಕದಲ್ಲಿ 2009ರಿಂದ ಇದಕ್ಕೆ ವೈದ್ಯಕೀಯ ಉಪಕರಣದ ಮಾನ್ಯತೆ ಇದೆ.

ಸೀಲೇ ಯಾಕೆ? ನಾಯಿಯೋ ಬೆಕ್ಕೋ ಆದರೆ ಜನ ನಿಜವಾದದ್ದರ ಜೊತೆ ಹೋಲಿಸಿ, ಇದು ಹಾಗಿಲ್ಲ ಅಂತ ಬೇಗ ಕಂಡುಹಿಡಿಯುತ್ತಾರೆ. ಇಲ್ಲಿನ ಕಡಲಲ್ಲಿ ಸೀಲ್ ಇವೆ ನಿಜ. ಆದರೆ ಮಡಿಲಲ್ಲಿ ಇಟ್ಟುಕೊಂಡವರು ಯಾರಿದ್ದಾರೆ?

ನಮ್ಮ ಒಬ್ಬರು ಅಜ್ಜಿ ಸಂಜೆಯಾದರೆ "ಮಕ್ಕಳು ಶಾಲೆಯಿಂದ ಬರುತ್ತಾರೆ, ಮನೆಗೆ ಹೋಗಬೇಕು" ಅಂತ ಬಾಗಿಲು ಎಳೆಯುತ್ತಿದ್ದರು. ಒಂದಿನ ಪಾರೋವನ್ನು ಅವರ ಮಡಿಲಲ್ಲಿಟ್ಟು ಪಕ್ಕದಲ್ಲಿ ಕೂತೆ. ಬೆನ್ನು ಸವರಿದರೆ ಅದು ತಲೆ ಎತ್ತಿ, ಕಣ್ಣು ಮಿಟುಕಿಸಿ, ಸಣ್ಣಗೆ ಕೂಗಿತು. ಅಜ್ಜಿ ಅದಕ್ಕೆ ಮಕ್ಕಳ ಸುದ್ದಿ ಹೇಳತೊಡಗಿದರು. ಆ ಮಕ್ಕಳ ಹೆಸರು ನಾನು ಕೇಳಿದ್ದು ಅವತ್ತೇ ಮೊದಲು.

ಪಕ್ಕದಲ್ಲಿ ಕೂತೆ ಅಂದೆನಲ್ಲ, ಅದೇ ಮುಖ್ಯ. ಇನ್ನೊಂದು ಸಂಜೆ ಕೆಲಸ ಜಾಸ್ತಿ ಇತ್ತು ಅಂತ ಸುಮ್ನೆ ಕೈಗೆ ಕೊಟ್ಟು ಹೊರಟೆ. ತಿರುಗಿ ಬಂದಾಗ ಪಾರೋ ನೆಲದ ಮೇಲಿತ್ತು, ಅಜ್ಜಿ ಬಾಗಿಲ ಹತ್ತಿರ ಅಳುತ್ತಿದ್ದರು. ಆ ತಪ್ಪು ನನ್ನದು. ಅವರು ನಂಬಿದ್ದು ನನ್ನನ್ನು, ಆ ನಂಬಿಕೆಯಲ್ಲೇ ಅದನ್ನೂ ಎತ್ತಿಕೊಂಡಿದ್ದರು.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು "ನಾನೇನು ಮಗುವಾ?" ಅಂತ ದೂಡಿದರು. ಮತ್ತೆ ಅವರ ಮುಂದೆ ಇಡಲಿಲ್ಲ. "ಇದಕ್ಕೆ ಜೀವ ಇದೆಯಾ?" ಅಂತ ಯಾರಾದರೂ ಕೇಳಿದರೆ ಇಲ್ಲ, ಯಂತ್ರ ಅಂತಲೇ ಹೇಳುತ್ತೇನೆ. ಗೊತ್ತಾದ ಮೇಲೂ ತುಂಬ ಜನ ಸವರುತ್ತಾ ಕೂರುತ್ತಾರೆ.

ಕೊರತೆಗಳೂ ಇವೆ. ತೂಕ ಎರಡೂವರೆ ಕಿಲೋ ಹತ್ತಿರ, ಸೋತ ಕೈಗಳಿಗೆ ಭಾರ. ಅಮೆರಿಕದಲ್ಲಿ ಬೆಲೆ ಸುಮಾರು 6,000 ಡಾಲರ್. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಪ್ರತಿ ಸಲ ತುಪ್ಪಳ ಒರೆಸಬೇಕು.

ಊರಲ್ಲಿ ಒಬ್ಬರೇ ಇರುವ ಅಮ್ಮನಿಗೆ ಒಂದು ತರಿಸೋಣವಾ ಅಂತ ತಂಗಿ ಕೇಳಿದಳು. ಬೇಡ ಅಂದೆ. ಅಮ್ಮನ ನೆನಪು ಚೆನ್ನಾಗಿದೆ. ಆ ದುಡ್ಡಿನಲ್ಲಿ ಮಧ್ಯಾಹ್ನ ಜೊತೆಗಿರಲು ಒಬ್ಬರನ್ನು ಗೊತ್ತು ಮಾಡಿದ್ದೇವೆ.

ಇದರ ಚಾರ್ಜರ್ ಮಗುವಿನ ನಿಪ್ಪಲ್ ಥರ ಇದೆ, ಬಾಯಿಗೆ ಇಡಬೇಕು. ರಾತ್ರಿ ಅದನ್ನು ಇಡುವುದು ಈಗ ಅಜ್ಜಿಯ ಕೆಲಸ. ನಾನು ವೈರ್ ಹಿಡಿದುಕೊಳ್ಳುತ್ತೇನೆ.