ಲೆಕ್ಕ ಪಕ್ಕಾ, ಮೋಲ್ ಮಾತ್ರ ಮೂಲೆಗುಂಪು: ಒಂದು ಮೋಲ್ ಕ್ಯಾಲ್ಕುಲೇಟರ್ ಆ್ಯಪ್

ನಾನು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಈ ಆ್ಯಪನ್ನೂ ಟೀಚರ್ ಕಣ್ಣಲ್ಲೇ ನೋಡಿದ್ದೇನೆ. ಸ್ವಲ್ಪ ಖಾರ ಜಾಸ್ತಿ ಅನ್ನಿಸಿದರೆ ಬೇಸರ ಬೇಡ.

ಕೆಲಸ ಸರಳ. ಸಂಯುಕ್ತದ ಸೂತ್ರ ಟೈಪ್ ಮಾಡಿ, ಎಷ್ಟು ಗ್ರಾಂ ಅಂತ ಕೊಟ್ಟರೆ ಸಾಕು. ಮೋಲಾರ್ ರಾಶಿ (ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೆ ಎಂಬುದು; ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ಅಳತೆ), ಪ್ರತಿ ಧಾತು ಎಷ್ಟು ಗ್ರಾಂ, ಎಷ್ಟು ಪರಮಾಣು, ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ.

ನಾನು ಬೇಕಂತಲೇ ಮೈಲುತುತ್ತ ಹಾಕಿ ನೋಡಿದೆ. ಅದರ ಹರಳಿನಲ್ಲಿ ಒಂದು ಕಾಪರ್ ಸಲ್ಫೇಟಿಗೆ ಐದು ನೀರಿನ ಅಣು ಸೇರಿಕೊಂಡಿರುತ್ತವೆ ಅಲ್ವಾ, ಆ 5 ನೀರಿನ ಹೈಡ್ರೋಜನ್ನಿಗೂ ಅನ್ವಯಿಸಬೇಕು, ಆಕ್ಸಿಜನ್ನಿಗೂ ಅನ್ವಯಿಸಬೇಕು. ಮಕ್ಕಳು ಜಾರುವುದು ಇಲ್ಲೇ. ಆ್ಯಪ್ ಜಾರಲಿಲ್ಲ. ಮೋಲಾರ್ ರಾಶಿ 249.68 ಎಂದಿತು. 5 ಗ್ರಾಂ ಹರಳಿನಲ್ಲಿ ತಾಮ್ರ 1.273, ಗಂಧಕ 0.642, ಆಕ್ಸಿಜನ್ 2.884, ಹೈಡ್ರೋಜನ್ 0.202 ಗ್ರಾಂ. ಕೊನೆಯ ಅಂಕಿಯ ಅಷ್ಟಿಷ್ಟು ವ್ಯತ್ಯಾಸ ಬಿಟ್ಟರೆ ಒಟ್ಟು 5 ಆಗುತ್ತದೆ. ಆಕ್ಸಿಜನ್ ಪರಮಾಣುಗಳು 1.085 × 10²³. ಕೈಲೆಕ್ಕಕ್ಕೂ ತಾಳೆಯಾಯಿತು.

ಇನ್ನೊಂದು ಇಷ್ಟವಾಯಿತು. ಇಂಗ್ಲಿಷಿನ ಸಿ, ಓ ಎರಡನ್ನೂ ಸುಮ್ನೆ ಸಣ್ಣಕ್ಷರದಲ್ಲಿ ಒತ್ತಿದರೆ ತಾನೇ ಊಹೆ ಮಾಡುವುದಿಲ್ಲ. ಕೋಬಾಲ್ಟೋ ಕಾರ್ಬನ್ ಮಾನಾಕ್ಸೈಡೋ ಅಂತ ಕೇಳುತ್ತದೆ. ಒಂದರ ಮೋಲಾರ್ ರಾಶಿ 58.93, ಇನ್ನೊಂದರದು 28.01. ಕೇಳಲೇಬೇಕಾದ ಪ್ರಶ್ನೆ ಅದು.

ಈಗ ತಕರಾರು. ಮೋಲ್ ಲೆಕ್ಕದ ಆ್ಯಪಿನ ಮುಖ್ಯ ಪರದೆಯಲ್ಲಿ ಮೋಲೇ ಇಲ್ಲ! ಗ್ರಾಂನಿಂದ ನೇರವಾಗಿ ಪರಮಾಣುವಿಗೆ ಹಾರುತ್ತದೆ. ಗ್ರಾಂ ಅನ್ನು ಮೋಲಾರ್ ರಾಶಿಯಿಂದ ಭಾಗಿಸು, ಸೂತ್ರದಲ್ಲಿ ಆ ಧಾತು ಎಷ್ಟು ಸಲ ಇದೆಯೋ ಅಷ್ಟರಿಂದ ಗುಣಿಸು, ಆಮೇಲೆ ಅವೊಗ್ಯಾಡ್ರೊ ಸಂಖ್ಯೆಯಿಂದ, ಅಂದರೆ ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಯಿಂದ, ಗುಣಿಸು. ಈ ದಾರಿ ಗೊತ್ತಾಗದೆ ಉತ್ತರ ಸಿಕ್ಕಿ ಏನು ಪ್ರಯೋಜನ? ಹಂತಗಳನ್ನು ನೋಡಲು ಮೂಲೆಯ ಪುಟ್ಟ ಬಟನ್ ಹುಡುಕಬೇಕು. ಅದನ್ನು ಒತ್ತಿದರೆ ಅಲ್ಲಿ ಇನ್ನೊಂದು ತಲೆನೋವು. ಆ 5 ಗ್ರಾಂ ಮೈಲುತುತ್ತಕ್ಕೆ 0.02 ಮೋಲ್ ಎಂದು ಬರೆದಿರುತ್ತದೆ. ನಿಜವಾಗಿ ಅದು 0.02003. ಮಗು 0.02 ಅನ್ನು ತಾಮ್ರದ ಮೋಲಾರ್ ರಾಶಿ 63.546ರಿಂದ ಗುಣಿಸಿದರೆ ತಾಮ್ರ 1.271 ಗ್ರಾಂ ಬರುತ್ತದೆ, ಮುಖ್ಯ ಪಟ್ಟಿ 1.273 ಅನ್ನುತ್ತದೆ. ಆ್ಯಪ್ ಒಳಗೆ ಪೂರ್ತಿ ಅಂಕಿ ಇಟ್ಟುಕೊಂಡು ಲೆಕ್ಕ ಮಾಡುತ್ತದೆ, ತೋರಿಸುವಾಗ ಮಾತ್ರ ಕತ್ತರಿಸುತ್ತದೆ. ಪಾಪ, ಕಲಿಯುವವರಿಗೆ ಇದು ಹೇಗೆ ತಿಳಿಯಬೇಕು?

'ಕಣಗಳು' ಎಂಬ ಕಾಲಂ ಕೂಡ ಗೊಂದಲವೇ. ಆಕ್ಸಿಜನ್ ಅನಿಲ 32 ಗ್ರಾಂ ಕೊಟ್ಟರೆ 6.022 × 10²³ ಎಂದು ಬರುತ್ತದೆ. ಅದು ಅಣುಗಳ ಸಂಖ್ಯೆ. ಪರಮಾಣು ಬೇಕಿದ್ದರೆ ಅದರ ಎರಡರಷ್ಟು. 'ಅಣುಗಳು' ಎಂದೇ ಬರೆದಿದ್ದರೆ ಮುಗಿಯುತ್ತಿತ್ತು.

ಪಠ್ಯಪುಸ್ತಕಗಳು ಕ್ಲೋರಿನ್ನಿನ ಪರಮಾಣು ರಾಶಿಗೆ 35.5 ಹಿಡಿಯುವುದು ಹೆಚ್ಚು, ಇದು 35.45 ಹಿಡಿಯುತ್ತದೆ. ಉಪ್ಪಿನ ಮೋಲಾರ್ ರಾಶಿ 58.5 ಬದಲು 58.44 ಬಂದರೆ ಗಾಬರಿ ಬೇಡ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಅವೊಗ್ಯಾಡ್ರೊ ಸಂಖ್ಯೆ ಮಾತ್ರ 2019ರಲ್ಲಿ ನಿಗದಿಯಾದ 6.02214076 × 10²³, ಅದಕ್ಕೆ ಕೈ ಹಾಕಲು ಬಿಡುವುದಿಲ್ಲ. ಒಳ್ಳೆಯದೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಲ್ಯಾಬ್‌ನಲ್ಲಿ ಬೇಗ ಉತ್ತರ ಬೇಕಾದವರು ಧಾರಾಳವಾಗಿ ಹಾಕಿಕೊಳ್ಳಿ. ನನ್ನ ಮಕ್ಕಳಿಗೆ ಮಾತ್ರ ಮೋಲ್ ಸಾಲನ್ನು ನೋಟ್‌ಬುಕ್‌ನಲ್ಲಿ, ನಾಲ್ಕು ಸಾರ್ಥಕ ಅಂಕಿಗಳೊಂದಿಗೆ (0.02003 ಎಂಬಂತೆ, ಮೊದಲಿನ ಸೊನ್ನೆಗಳನ್ನು ಬಿಟ್ಟು ನಾಲ್ಕು ಅಂಕಿ) ಬರೆದ ಮೇಲೆಯೇ ಫೋನ್ ತೆಗೆಯಲು ಬಿಡುತ್ತೇನೆ.