‘ಓವಲ್ ಬೀಟಲ್’ ಅಂತ ಅಡ್ವಾನ್ಸ್ ಕಳಿಸುವ ಮುಂಚೆ ಹಿಂದಿನ ಸೀಟು ಎತ್ತಿಸಿ ನೋಡಿ

ಜರ್ಮನಿಯಲ್ಲಿದ್ದುಕೊಂಡು ಹಳೆಯ ಏರ್‌ಕೂಲ್ಡ್ (ಗಾಳಿಯಿಂದಲೇ ಎಂಜಿನ್ ತಣ್ಣಗಾಗುವ) ಫೋಕ್ಸ್‌ವ್ಯಾಗನ್ ಕಾರು, ಅದರಲ್ಲೂ ಬೀಟಲ್ ಕೊಳ್ಳಬೇಕು ಅಂದುಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಚಿಕ್ಕಪ್ಪನ ಮಗ ಸ್ಟುಟ್‌ಗಾರ್ಟ್ ಹತ್ತಿರ ಕೆಲಸದಲ್ಲಿದ್ದಾನೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ‘1956ರ ಓವಲ್ ಬೀಟಲ್, ಎಲ್ಲಾ ಒರಿಜಿನಲ್’ ಎಂಬ ಜಾಹೀರಾತು ನಂಬಿ ಅಡ್ವಾನ್ಸ್ ಕಳಿಸಿದ. ಗಾಡಿ ನೋಡುವ ದಿನ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ನಿಂತಿದ್ದದ್ದು ಎರಡು ಮೂರು ಬೀಟಲ್‌ಗಳನ್ನು ಕತ್ತರಿಸಿ ಬೆಸೆದ ಗಾಡಿ. ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ.

ಓವಲ್ ಅಂದರೆ ಹಿಂದಿನ ಗಾಜು ಮೊಟ್ಟೆಯಾಕಾರದಲ್ಲಿ ಇರುವ ಬೀಟಲ್. 1953ರ ಮಾರ್ಚ್‌ವರೆಗೆ ಆ ಗಾಜು ಎರಡು ತುಂಡಾಗಿತ್ತು, ನಡುವೆ ಪಟ್ಟಿ. ಅಲ್ಲಿಂದ 1957ರ ಜುಲೈವರೆಗೆ ಓವಲ್. ಆಗಸ್ಟ್‌ನಿಂದ ಅಗಲವಾದ ಆಯತಾಕಾರದ ಗಾಜು ಬಂತು. ಇಲ್ಲೇ ಬಹಳ ಜನ ಎಡವುವುದು: ಫೋಕ್ಸ್‌ವ್ಯಾಗನ್‌ನಲ್ಲಿ ಹೊಸ ಮಾಡೆಲ್ ವರ್ಷ ಶುರುವಾಗುತ್ತಿದ್ದದ್ದು ಆಗಸ್ಟ್‌ನಲ್ಲಿ, ಜನವರಿಯಲ್ಲಲ್ಲ. ಹಾಗಾಗಿ ಕಾಗದದಲ್ಲಿ 1957 ಅಂತಿದ್ದ ಮಾತ್ರಕ್ಕೆ ಗಾಡಿ ಓವಲ್ ಆಗಿರಲೇಬೇಕು ಅಂತಿಲ್ಲ. ಓವಲ್‌ಗೆ ಬೆಲೆ ಜಾಸ್ತಿ. ಅದಕ್ಕೇ 60ರ ದಶಕದ ಬಾಡಿಯಲ್ಲಿ ಹಿಂದಿನ ಗಾಜಿನ ಸುತ್ತ ತಗಡು ಕತ್ತರಿಸಿ, ಓವಲ್ ಚೌಕಟ್ಟು ಬೆಸೆದು, ಟಿಂಕರಿಂಗ್ ಮಾಡಿ ಬಣ್ಣ ಹೊಡೆಯುವವರು ಇದ್ದಾರೆ. ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಬಾಗಿಲ ಹಿಂದಿನ ಕಂಬ ನೋಡಿ. ಆ ಕಾಲದಲ್ಲಿ ಜರ್ಮನಿಯಲ್ಲಿ ಮಾರಿದ ಬೀಟಲ್‌ಗೆ ಈಗಿನಂಥ ಇಂಡಿಕೇಟರ್ ಇರಲಿಲ್ಲ. ತಿರುಗುವಾಗ ಆ ಕಂಬದ ಸೀಳಿನಿಂದ ದೀಪವಿರುವ ಪುಟ್ಟ ಕೈಯೊಂದು ಹೊರಗೆ ಚಾಚುತ್ತಿತ್ತು. 1960ರಲ್ಲಿ ಅದು ಹೋಗಿ ಮುಂದಿನ ಮಡ್‌ಗಾರ್ಡ್ ಮೇಲೆ ದೀಪ ಬಂತು. ಈ ಗಾಡಿಯ ಕಂಬದಲ್ಲಿ ಸೀಳೇ ಇಲ್ಲ. ಮಾರುವವನನ್ನು ಕೇಳಿದರೆ, ‘ಇದು ಅಮೆರಿಕಕ್ಕೆ ಹೋಗಿ ಬಂದ ಗಾಡಿ’ ಅಂದ. ಅಮೆರಿಕದ ಗಾಡಿಗಳಿಗೆ 1955ರಲ್ಲೇ ದೀಪ ಬಂದದ್ದು ನಿಜ. ಅರ್ಧ ತಿಳಿದವರನ್ನು ಬಾಯಿ ಮುಚ್ಚಿಸಲು ಈ ಉತ್ತರ ಸಾಕು. ಆದರೆ ಅವನೇ ತೋರಿಸಿದ ಕಾಗದದಲ್ಲಿ ಮೊದಲ ನೋಂದಣಿ ಜರ್ಮನಿಯದ್ದು, ಸ್ಪೀಡೋಮೀಟರ್ ಅಮೆರಿಕದ ಮೈಲಿಯದ್ದಲ್ಲ, ಕಿಲೋಮೀಟರ್‌ನದ್ದು.

ಆಮೇಲೆ ಮುಂದಿನ ಗಾಜು. 1957ರ ಆಗಸ್ಟ್‌ನಲ್ಲಿ ಹಿಂದಿನದರ ಜೊತೆ ಇದೂ ದೊಡ್ಡದಾಯಿತು, ಡ್ಯಾಶ್‌ಬೋರ್ಡ್ ಕೂಡ ಬದಲಾಯಿತು. ಹಿಂದಿನ ಗಾಜು ಓವಲ್, ಮುಂದಿನದು ದೊಡ್ಡದು ಅಂದರೆ ಬಾಡಿ ಒಂದೇ ಅಲ್ಲ ಎಂದೇ ಅರ್ಥ. ಒರಿಜಿನಲ್ ಓವಲ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಟೇಪ್ ಹಿಡಿದು ಅಳೆದ ಅಳತೆ ನಿಮ್ಮ ಜೇಬಿನಲ್ಲಿರಲಿ.

ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಹಿಂದಿನ ಎಂಜಿನ್ ಬಾನೆಟ್ ತೆಗೆಸಿ ಡೈನಮೋ ಕೂತಿರುವ ಸ್ಟ್ಯಾಂಡ್ ನೋಡಿದೆ. 1956ರಲ್ಲಿ ಇದ್ದದ್ದು 1192 ಸಿಸಿಯ 30 ಅಶ್ವಶಕ್ತಿಯ ಎಂಜಿನ್. ಅದರಲ್ಲಿ ಆ ಸ್ಟ್ಯಾಂಡ್ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಮುಖ್ಯ ಕವಚ) ಜೊತೆಗೇ ಎರಕ ಹೊಯ್ದಿರುತ್ತದೆ, ಬಿಚ್ಚಲು ಬರುವುದಿಲ್ಲ. 1960ರ ಆಗಸ್ಟ್‌ನಲ್ಲಿ ಬಂದ 34 ಅಶ್ವಶಕ್ತಿಯದರಲ್ಲಿ ಅದು ಬೋಲ್ಟ್ ಹಾಕಿ ಕೂರಿಸಿದ ಬೇರೆ ಭಾಗ. ಇಲ್ಲಿ ಬೋಲ್ಟ್ ಕಣ್ಣಿಗೆ ಹೊಡೆಯುತ್ತಿತ್ತು. ಎಂಜಿನ್ ಬದಲಾಯಿಸಿದ ಮಾತ್ರಕ್ಕೆ ಮೋಸ ಅಂತಲ್ಲ, ಅರವತ್ತು ವರ್ಷ ದಾಟಿದ ಗಾಡಿಯಲ್ಲಿ ಅದು ಸಹಜ. ‘ಎಲ್ಲಾ ಒರಿಜಿನಲ್’ ಅಂತ ಹೇಳಿ ದುಡ್ಡು ಕೇಳಿದ್ದು ಮೋಸ.

ಕೊನೆಗೆ ಹಿಂದಿನ ಸೀಟು. ಬೀಟಲ್‌ನ ಚಾಸಿ ನಂಬರ್ ಕೊರೆದಿರುವುದು ಆ ಸೀಟಿನ ಕೆಳಗೆ, ನಡುವಿನ ಟನೆಲ್ (ನೆಲದ ಉದ್ದಕ್ಕೂ ಉಬ್ಬಿರುವ ಭಾಗ) ಮೇಲೆ. ಸೀಟು ಎತ್ತಲು ಅವನು ಒಪ್ಪಲೇ ಇಲ್ಲ, ‘ಕವರ್ ಹರಿಯುತ್ತದೆ’ ಅಂದ. ಬಹಳ ಹೊತ್ತು ಪಟ್ಟು ಹಿಡಿದ ಮೇಲೆ ಎತ್ತಿದ. ನಂಬರ್ ಸುತ್ತ ಬಣ್ಣದಡಿ ವೆಲ್ಡಿಂಗ್ ಗೀರು ಬೆರಳಿಗೆ ತಾಗಿತು. ಬೇರೆ ಚಾಸಿಯಿಂದ ನಂಬರ್ ಇರುವ ತುಂಡು ಕತ್ತರಿಸಿ ಇದಕ್ಕೆ ಬೆಸೆದಿದ್ದರು. ಇದು ಬರೀ ದುಬಾರಿ ವ್ಯಾಪಾರದ ಮಾತಲ್ಲ, ಅಪರಾಧ. ಅಂಥ ಗಾಡಿ ಕೊಂಡರೆ ಪೊಲೀಸರು ಹಿಡಿದಾಗ ಉತ್ತರ ಹೇಳಬೇಕಾದವರು ನೀವು.

60ರ ದಶಕದ ಬೀಟಲ್ ಕೊಳ್ಳುವವರಿಗೆ ನಂಬರ್ ಓದುವುದು ಇನ್ನೂ ಸುಲಭ. 1964ರ ಆಗಸ್ಟ್‌ನಿಂದ ಒಂಬತ್ತು ಅಂಕಿ ಬಂದವು: ಮೊದಲಿನ 11 ಬೀಟಲ್ ಎಂಬುದಕ್ಕೆ, ಮೂರನೆಯದು ಮಾಡೆಲ್ ವರ್ಷದ ಕೊನೆಯ ಅಂಕಿ. 117ರಿಂದ ಶುರುವಾದರೆ 1967ರ ಮಾಡೆಲ್, ಅಂದರೆ 1966ರ ಆಗಸ್ಟ್‌ನಿಂದ ಆಚೆಗೆ ತಯಾರಾದದ್ದು. ಮುಂದಿನ ಡಿಕ್ಕಿಯಲ್ಲಿ ಸ್ಟೆಪ್ನಿ ಹತ್ತಿರ ಇರುವ ತಗಡಿನ ಮೇಲೂ ಅದೇ ನಂಬರ್ ಇರಬೇಕು.

ಪೋರ್ಷೆ ಕಡೆ ಹೋಗುವವರಿಗೆ ಅಪಾಯ ಇನ್ನೂ ದೊಡ್ಡದು. 1973ರ ಕರೇರಾ ಆರ್‌ಎಸ್ 2.7 ತಯಾರಾದದ್ದು 1580 ಮಾತ್ರ. ಅದರ ಮೂಲವಾದ ಸಾದಾ 911 ಕಾರಿಗೆ ಆರ್‌ಎಸ್‌ನ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಹಾಕಿ ನಿಲ್ಲಿಸಿದವು ಎಷ್ಟೋ ಇವೆ.

ವೋಲ್ಫ್ಸ್‌ಬುರ್ಗ್‌ನ ಫೋಕ್ಸ್‌ವ್ಯಾಗನ್ ಆಟೋ ಮ್ಯೂಸಿಯಂ ಪ್ರತಿಷ್ಠಾನಕ್ಕೆ ಚಾಸಿ ನಂಬರ್ ಕಳಿಸಿ ಶುಲ್ಕ ಕಟ್ಟಿದರೆ ಗಾಡಿಯ ಜನ್ಮಪತ್ರ ಕೊಡುತ್ತಾರೆ. ತಯಾರಾದ ದಿನ, ಮೊದಲಿನ ಬಣ್ಣ ಅದರಲ್ಲಿರುತ್ತವೆ. ಮಾರುವವನು ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ. ಕರಾರಿನಲ್ಲಿ ‘ನೋಡಿದಂತೆ ಕೊಂಡಿದ್ದು’ ಅಂತಿದ್ದರೂ ಬೇಕೆಂದೇ ಮುಚ್ಚಿಟ್ಟ ದೋಷಕ್ಕೆ ಜರ್ಮನ್ ಕಾನೂನಿನಲ್ಲಿ ಆ ಮಾತು ರಕ್ಷಣೆ ಕೊಡುವುದಿಲ್ಲ. ನನ್ನ ತಮ್ಮ ಈಗ ವಕೀಲರ ಮೂಲಕ ಅದನ್ನೇ ಹಿಡಿದು ಹೋಗುತ್ತಿದ್ದಾನೆ. ಆ ಗಾಡಿ ಮತ್ತೆ ಮಾರಾಟಕ್ಕೆ ಬಂದಿದೆ, ಫೋಟೋಗಳೂ ಅವೇ. ತಿಳಿನೀಲಿ ಬಣ್ಣ, ಓವಲ್ ಗಾಜು, ಕಂಬದಲ್ಲಿ ಸೀಳಿಲ್ಲ. ಕಂಡರೆ ಅಡ್ವಾನ್ಸ್ ಕೊಡಬೇಡಿ.